ನಡುನೀರಿನ ನೆಟ್‌ವರ್ಕ್

ಮಾಸ್ತಪ್ಪನಿಗೂ ಸ್ವಾತಿಗೂ ಎಣ್ಣೆ ಸೀಗೆಕಾಯಿ ಎಂಬುದು ಹೊಳೆಕೊಪ್ಪದ ಕಡವು ದಾಟಿದವರಿಗೆಲ್ಲ ಗೊತ್ತಿತ್ತು. ಅವನು ಲಾಂಚಿನ ಡ್ರೈವರು. ಅವಳು ಆ ಲಾಂಚಿನಲ್ಲಿ ದಿನಾ ಕೂರುವವಳು. ದಾಟುವವಳು ಎಂದು ಹೇಳುವ ಹಾಗಿಲ್ಲ, ಯಾಕೆಂದರೆ ಆಚೆ ದಡದಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಅವಳ ಕೆಲಸವೆಲ್ಲ ನಡುನೀರಿನಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಕೋಡಿನಿಂದ ಇನ್ನೂ ಒಳಗೆ, ಹಿನ್ನೀರಿನ ಒಂದು ಕವಲಿಗೆ ಅಂಟಿಕೊಂಡ ಊರು ಹೊಳೆಕೊಪ್ಪ. ಕೆಳಗಡೆ ಎಲ್ಲೋ ದೊಡ್ಡ ಸೇತುವೆಯಾಗಿ ಊರೆಲ್ಲ ಕುಣಿಯಿತು, ಈ ಕವಲಿಗೆ ಮಾತ್ರ ಅದರ ಗಾಳಿಯೂ ಸೋಕಲಿಲ್ಲ. ಸಾಗರಕ್ಕೆ ಹೋಗಬೇಕೆಂದರೆ ಈಗಲೂ ಲಾಂಚೇ ಗತಿ. ಈಚೆ ದಡದಲ್ಲಿ ಗುಡ್ಡ, ಆಚೆ ದಡದಲ್ಲಿ ಗುಡ್ಡ, ಎರಡರ ಬೆನ್ನ ಹಿಂದೆಯೂ ಟವರು. ದಡದಲ್ಲಿ ನಿಂತರೆ ಫೋನಿಗೆ ಜೀವವಿಲ್ಲ. ಲಾಂಚು ಗುಡ್ಡದ ನೆರಳು ಬಿಟ್ಟು ಹೊರಟು, ನೀರಿನ ನಡುವೆ ನಿಂತಿರುವ ಆ ಒಣ ಮತ್ತಿಮರದ ಹತ್ತಿರ ಬಂದರೆ ಮಾತ್ರ ಎರಡು ಟವರೂ ಕಣ್ಣು ಬಿಡುತ್ತವೆ. ಎಲ್ಲರ ಜೇಬುಗಳೂ ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ. ಹತ್ತು ನಿಮಿಷ ಅಷ್ಟೇ. ಆಮೇಲೆ ಆಚೆ ಗುಡ್ಡ ಅಡ್ಡ ಬಂದು ಎಲ್ಲ ಸತ್ತುಹೋಗುತ್ತದೆ.

ಆ ಹತ್ತು ನಿಮಿಷವೇ ಸ್ವಾತಿಯ ಆಫೀಸು. ಎಲ್ಲಿಯದೋ ಆಸ್ಪತ್ರೆಗಳ ಡಾಕ್ಟರುಗಳು ರೆಕಾರ್ಡು ಮಾಡಿ ಕಳಿಸುವ ಗೊಣಗಾಟವನ್ನು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಸಾಗರದ ಪೀಜಿಯಲ್ಲಿದ್ದಾಗ ವೈಫೈ ಇತ್ತು, ಚಿಂತೆ ಇರಲಿಲ್ಲ. ಅವ್ವ ಗುತ್ಯಮ್ಮ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಊರಿಗೆ ಬರಬೇಕಾಯಿತು. ಡಾಂಗಲ್ ತಂದಳು, ಅದು ಮನೆಯಲ್ಲಿ ಕೆಂಪು ದೀಪ ತೋರಿಸಿ ಮಲಗಿತು. ಮಾಡಿಗೆ ಕೊಡೆಯಂಥದ್ದು ಕೂರಿಸಿ ಆಕಾಶದಿಂದ ನೆಟ್ ಎಳೆಯುವುದೂ ಬಂದಿದೆಯಂತೆ. ಅದಕ್ಕೆ ಕೊಡುವ ದುಡ್ಡಿದ್ದರೆ ಕೆಲಸವನ್ನೇ ಮಾಡಬೇಕಿರಲಿಲ್ಲ. ಕೊನೆಗೆ ಕೈಗೆಟುಕಿದ್ದು ಇದು: ಬೆಳಿಗ್ಗೆ ಲಾಂಚು ಹತ್ತಿ, ಫೋನಿನ ಹಾಟ್‌ಸ್ಪಾಟ್ ಹಾಕಿ, ಮತ್ತಿಮರದ ಹತ್ತಿರ ಆ ದಿನದ ಫೈಲುಗಳನ್ನು ಇಳಿಸಿಕೊಳ್ಳುವುದು. ಮನೆಗೆ ಹೋಗಿ ಟೈಪ್ ಮಾಡುವುದು. ಸಂಜೆ ಮತ್ತೆ ಲಾಂಚು ಹತ್ತಿ ಕಳಿಸುವುದು. ಫೋನಿಗೆ ದಿನಕ್ಕೆ ಇಷ್ಟೆಂದು ಡೇಟಾ ಬರುವ ಸಾಮಾನ್ಯ ಪ್ಯಾಕು, ಲಾಂಚಿಗೆ ಚಿಲ್ಲರೆ ಟಿಕೆಟ್ಟು. ಇದಕ್ಕಿಂತ ಅಗ್ಗದ ಆಫೀಸು ದೇಶದಲ್ಲೇ ಇರಲಿಕ್ಕಿಲ್ಲ.

"ಹೊಳೆ ಮಧ್ಯ ಕೂತು ಮಾಡೋ ಕೆಲ್ಸ ಎಂಥದ್ದೇ ಅದು? ಮೀನು ಹಿಡಿಯೋದಾ?" ಎಂದು ಗುತ್ಯಮ್ಮ ಹಾಸಿಗೆಯಿಂದಲೇ ಚುಚ್ಚುತ್ತಿದ್ದಳು. ಮಗಳು ಕೆಲಸ ಬಿಟ್ಟು ಮದುವೆಯಾಗಲಿ ಎಂಬುದು ಅವಳ ಹಟ. ಆ ಮೀನು ಹಿಡಿಯುವ ಕೆಲಸದಿಂದಲೇ ತನ್ನ ಮಾತ್ರೆ ಬರುತ್ತಿದೆ ಎಂಬುದು ಗೊತ್ತಿದ್ದೂ ಚುಚ್ಚುತ್ತಿದ್ದಳು. ಸ್ವಾತಿಯೂ ಬಿಡುವವಳಲ್ಲ, ಸಮಕ್ಕೆ ಸಮ ಕೊಡುತ್ತಿದ್ದಳು. ಅವಳು ಲಾಂಚಿನಲ್ಲಿದ್ದಷ್ಟು ಹೊತ್ತು ಗುತ್ಯಮ್ಮನಿಗೆ ನೀರು, ಗಂಜಿ ಕೊಡುತ್ತಿದ್ದವಳು ಕೆಳಗಿನ ಮನೆಯ ಮಹಾಲಕ್ಷ್ಮೀ. ಅವಳ ಗಂಡ ಬಾಲು ಶಿವಮೊಗ್ಗದ ಗ್ಯಾರೇಜಿನಲ್ಲಿ; ಅವಳು ತುಂಬಿದ ಬಸುರಿ. ಊರಲ್ಲಿ ಸ್ವಾತಿಯ ಹತ್ತಿರ ಜಗಳವಾಡದೆ ಮಾತಾಡುವ ಜೀವ ಅದೊಂದೇ.

ಇನ್ನು ಮಾಸ್ತಪ್ಪನ ಜಗಳದ ಮೂಲ.

ಆ ಕಡವಿನಲ್ಲಿ ಬರೆಯದ ಕಾನೂನೊಂದಿದೆ. ದಡದಿಂದ ಮೂರು ಸಲ ಉದ್ದ ಹಾರ್ನ್ ಬಂದರೆ ಲಾಂಚು ಎಲ್ಲೇ ಇರಲಿ, ತಿರುಗಿ ಬರಬೇಕು. ಹಾವು, ಹೆರಿಗೆ, ಹೆಣ, ಈ ಮೂರಕ್ಕೆ ಮಾತ್ರ ಆ ಹಾರ್ನು. ಲಾಂಚು ಬರುವ ಮೊದಲು, ದೋಣಿಯ ಕಾಲದಲ್ಲಿ, ಮೂರು ಸಲ ಕೂಗು ಹಾಕುತ್ತಿದ್ದರಂತೆ. ಕೂಗು ಹೋಗಿ ಹಾರ್ನ್ ಬಂತು, ಕಾನೂನು ಹಾಗೇ ಉಳಿಯಿತು. ಅದನ್ನು ಸುಳ್ಳಿಗೆ ಹಾಕಿದವರು ಊರಲ್ಲಿ ಯಾರೂ ಇರಲಿಲ್ಲ, ರೆಸಾರ್ಟಿನ ವಿನೋದ್ ಬರುವ ತನಕ.

ವಿನೋದ್ ತೀರ್ಥಹಳ್ಳಿ ಕಡೆಯವನು. ಹಿನ್ನೀರಿನ ಅಂಚಿನಲ್ಲಿ ನಾಲ್ಕು ಗುಡಿಸಲು ಎಬ್ಬಿಸಿ ಅದಕ್ಕೆ ರೆಸಾರ್ಟು ಎಂದು ಬೋರ್ಡು ಹಾಕಿದ್ದ. ಅವನ ಹಳದಿ ಜೀಪಿನ ಹಾರ್ನು ಸಾಮಾನ್ಯ ಹಾರ್ನಲ್ಲ, ಲಾರಿಗಳಿಗೆ ಹಾಕುವಂಥದ್ದು, ಹಾಡಿದಂತೆ ಕೇಳುತ್ತದೆ. ಒಂದು ದಿನ ಲಾಂಚು ಮತ್ತಿಮರ ದಾಟುವ ಹೊತ್ತಿಗೆ ಆ ಹಾರ್ನು ಮೂರು ಸಲ ಕೇಳಿತು. ಮಾಸ್ತಪ್ಪ ಎದ್ದೆನೋ ಬಿದ್ದೆನೋ ಎಂದು ಲಾಂಚು ತಿರುಗಿಸಿದ. ದಡದಲ್ಲಿ ನೋಡಿದರೆ ಹಾವೂ ಇಲ್ಲ, ಹೆರಿಗೆಯೂ ಇಲ್ಲ; ವಿನೋದನೂ ಅವನ ನಾಲ್ಕು ಜನ ಗಿರಾಕಿಗಳೂ ಹಲ್ಲು ಕಿರಿಯುತ್ತ ನಿಂತಿದ್ದಾರೆ. ಗಿರಾಕಿಗಳ ರೈಲಿಗೆ ಹೊತ್ತಾಗಿತ್ತಂತೆ. ಅಲ್ಲಿಗೇ ಬೈದು ಕಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಮಾಸ್ತಪ್ಪ ಬೈಯಲಿಲ್ಲ. ಅವನ ಅಳಿಯ ಆ ರೆಸಾರ್ಟಿನಲ್ಲಿ ಅಡುಗೆಗಿದ್ದ. ಸಾಲಿನಲ್ಲಿ ಆಸ್ಪತ್ರೆಯ ಫೈಲು ಹಿಡಿದು ನಿಂತಿದ್ದ ಮುದುಕ ಸೀತಾರಾಮಪ್ಪನ ಆಟೋವನ್ನು ಬದಿಗೆ ಸರಿಸಿ, ಹಳದಿ ಜೀಪನ್ನು ಮೊದಲು ಹತ್ತಿಸಿದ.

ಸ್ವಾತಿ ಅದನ್ನು ವಿಡಿಯೊ ಮಾಡಿದಳು. ನಡುನೀರಿಗೆ ಬಂದಾಗ ಹಾಕಿದಳು. ರೆಸಾರ್ಟಿನವರ ಋಣಕ್ಕೆ ಬಿದ್ದು ಲಾಂಚು ತಿರುಗಿಸಿದ ಡ್ರೈವರು ಎಂದು ಮೇಲೆ ಬರೆದಳು. ಜನ ಹಂಚಿದ್ದೇ ಹಂಚಿದ್ದು. ಮಾಸ್ತಪ್ಪನಿಗೆ ಮೆಮೊ ಬಂತು, ಕೆಲವು ದಿನ ಮನೆಯಲ್ಲಿ ಕೂರಿಸಿದರು. ಮೂವತ್ತು ವರ್ಷ ಒಂದು ಮಾತು ಕೇಳದೆ ಹೊಳೆ ದಾಟಿಸಿದವನು ಸಂತೆಯಲ್ಲಿ ತಲೆ ತಗ್ಗಿಸಿ ನಡೆದ. ವಿನೋದನಿಗೆ ಏನೂ ಆಗಲಿಲ್ಲ. ವಿಡಿಯೊ ನೋಡಿಯೇ ಇನ್ನಷ್ಟು ಗಿರಾಕಿಗಳು ಬಂದರಂತೆ.

"ಜೀಪು ಮೊದ್ಲು ಹತ್ಸಿದ್ದು ನನ್ ತಪ್ಪು, ಅದ್ಕೆ ಎಕ್ಕಡದಲ್ಲಿ ಹೊಡಿ," ಎಂದು ಕೆಲಸಕ್ಕೆ ಮರಳಿದ ದಿನ ಮಾಸ್ತಪ್ಪ ಎಲ್ಲರೆದುರು ಸ್ವಾತಿಗೆ ಹೇಳಿದ. "ಹಾರ್ನ್ ಕೇಳಿ ತಿರುಗ್ಸಿದ್ದೂ ತಪ್ಪು ಅಂತ ಬರ್ದ್ಯಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ."

ಮರೆಯಲಿಲ್ಲ. ಅಂದಿನಿಂದ ಅವನು ಕಾನೂನು ಹಿಡಿದು ಹಗೆ ತೀರಿಸತೊಡಗಿದ. ದಡ ಮುಟ್ಟಿದ ಮೇಲೆ ಎಲ್ಲರೂ ಇಳಿಯಬೇಕು ಎಂದು ಅವಳನ್ನು ಆಚೆ ದಡದಲ್ಲಿ ಇಳಿಸಿ, ಸಾಲಿನ ಕೊನೆಗೆ ನಿಲ್ಲಿಸಿ, ಮತ್ತೆ ಹತ್ತಿಸುತ್ತಿದ್ದ. ಅವಳು ಕೂರುವ ಬೆಂಚಿನ ಕೆಳಗೇ ಮೀನಿನ ಬುಟ್ಟಿಗಳು ಬರುತ್ತಿದ್ದವು. ಅವಳು ಫೋನಿನಲ್ಲಿ ಮಾತಾಡುವಾಗಲೇ ಲಾಂಚಿನ ಸೈರನ್ನು ಕೂಗುತ್ತಿತ್ತು. ಮತ್ತಿಮರದ ಹತ್ತಿರ ಬಂದರೆ ಎಂಜಿನ್ನಿಗೆ ಇಲ್ಲದ ವೇಗ ಬರುತ್ತಿತ್ತು. ಟವರು ಕೊಟ್ಟರೂ ಮಾಸ್ತಪ್ಪ ಕೊಡ, ಪೂಜಾರಿಯ ಗಾದೆಯ ಹಾಗೆ. ಸ್ವಾತಿ ಒಂದು ದಿನವೂ ಸುಮ್ಮನೆ ಕೂರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಏನೆನ್ನುತ್ತಾರೆ ಎಂಬ ಗಾದೆಯನ್ನು, ಪೂರ್ತಿ ಹೇಳುವ ಹಾಗಿಲ್ಲದ ಆ ಗಾದೆಯನ್ನು, ಪೂರ್ತಿಯಾಗಿಯೇ ಅವನ ಮುಖಕ್ಕೆ ಹೇಳಿದ್ದಳು.

ಹೀಗಿರುವಾಗ ಕಂಪನಿಯಿಂದ ಲೈವ್ ಟೆಸ್ಟಿನ ಸುದ್ದಿ ಬಂತು. ಸ್ವಾತಿಯ ಮೇಲಿನವಳು ಚೈತ್ರಾ. ತೀರ್ಥಹಳ್ಳಿಯ ತನ್ನ ಮನೆಯಲ್ಲಿ ಫೈಬರ್ ಎಳೆಸಿಕೊಂಡು ತಣ್ಣಗೆ ಕೂತವಳು. ಹಳ್ಳಿಗಳಿಂದ ಕೆಲಸ ಮಾಡುವವರನ್ನೆಲ್ಲ ಕಂಪನಿ ಜರಡಿ ಹಿಡಿಯುತ್ತಿದೆ ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ಕ್ಯಾಮೆರಾ ಹಾಕಿಕೊಂಡು, ಡಾಕ್ಟರು ಹೇಳಿದ್ದನ್ನು ಆಗಿಂದಾಗಲೇ ಟೈಪ್ ಮಾಡಬೇಕು. ಪಾಸಾದರೆ ಕೆಲಸ ಕಾಯಂ. ನಡುವೆ ಸಂಪರ್ಕ ಕಡಿದರೆ ಅಲ್ಲಿಗೆ ಮುಗಿಯಿತು, ಎರಡನೇ ಅವಕಾಶವಿಲ್ಲ. ತನ್ನೂರಿನ ಕಷ್ಟವನ್ನು ಸ್ವಾತಿ ಹೇಳಿಕೊಂಡಾಗ ಚೈತ್ರಾ, "ಉಳಿದವರಿಗೆಲ್ಲ ನೆಟ್ ಇದೆ ಸ್ವಾತಿ, ನಿಮಗೊಬ್ಬರಿಗೇ ಹೇಗೆ ಇರಲ್ಲ?" ಎಂದು ಕೇಳಿದ್ದಳು. ಈ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಲಾಂಚು ಗುಡ್ಡದ ಮರೆಗೆ ಹೋಗಿತ್ತು.

ಟೆಸ್ಟು ಗುರುವಾರ ಹನ್ನೊಂದಕ್ಕೆ. ಬೆಳಿಗ್ಗೆ ಮೊದಲ ಲಾಂಚಿಗೆ ದಾಟಿ, ಆಚೆ ದಡದಲ್ಲಿ ಕಾಯುವ ಬಸ್ಸು ಹಿಡಿದು, ಸಾಗರದ ಹಳೇ ಪೀಜಿಗೆ ಹೋಗಿ ಕೂರುವುದು ಸ್ವಾತಿಯ ಲೆಕ್ಕ. ಹೊರಡುವ ಹೊತ್ತಿಗೆ ಮಹಾಲಕ್ಷ್ಮೀ ಗಂಜಿಯ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಯಾಕೋ ಬೆಳಗಿನ ಜಾವದಿಂದ ಸೊಂಟ ಹಿಡಿದುಕೊಂಡಿದೆ ಎಂದಳು. ದಿನ ತುಂಬಲು ಇನ್ನೂ ಎರಡು ವಾರವಿದೆಯಲ್ಲ, ಸ್ವಲ್ಪ ಮಲಗು, ಸರಿಹೋಗುತ್ತದೆ ಎಂದು ಚಪ್ಪಲಿ ಮೆಟ್ಟುತ್ತಲೇ ಹೇಳಿ ಸ್ವಾತಿ ಇಳಿದುಹೋದಳು. ಅವಳ ತಲೆಯಲ್ಲಿ ಟೆಸ್ಟು ಬಿಟ್ಟು ಬೇರೇನೂ ಇರಲಿಲ್ಲ.

ಕಡವಿನಲ್ಲಿ ಮಾಸ್ತಪ್ಪ ಅವಳನ್ನು ಎಂದಿನಂತೆ ಕೊನೆಯಲ್ಲಿ ನಿಲ್ಲಿಸಿದ. ಎರಡು ಪಿಕಪ್ಪು, ಒಂದು ಕಾರು, ಬೈಕುಗಳು ಹತ್ತಿದವು. ಸ್ವಾತಿ ಕಬ್ಬಿಣದ ಹಲಗೆಯ ಮೇಲೆ ಕಾಲಿಡುವಾಗ ಕೈ ಅಡ್ಡ ಹಿಡಿದು ಲೋಡಾಯಿತು ಎಂದ. ಒಬ್ಬಳು ಹತ್ತಿದರೆ ಮುಳುಗುವ ಲಾಂಚೇನೂ ಅದಲ್ಲ. ಇವತ್ತು ತನಗೆ ಬಸ್ಸು ಸಿಗಲೇಬೇಕು ಎಂದು ಸ್ವಾತಿ ಹೇಳಿದಳು, ಕೂಗಿದಳು, ಕೊನೆಗೆ ದಮ್ಮಯ್ಯ ಎಂದೂ ಅಂದಳು. ಮೆಮೊದಲ್ಲಿ ನಿಯಮ ಪಾಲಿಸಿ ಎಂದು ಬರೆದಿದ್ದಾರಮ್ಮಣ್ಣಿ, ಪಾಲಿಸುತ್ತಿದ್ದೇನೆ ಎಂದು ಮಾಸ್ತಪ್ಪ ಹಲಗೆ ಎತ್ತಿಸಿದ. ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು. ಲಾಂಚು ಆಚೆ ಹೋಗಿ ಬರುವುದರೊಳಗೆ ಬಸ್ಸು ಹೋಗಿರುತ್ತದೆ, ಇನ್ನೊಂದು ಬಸ್ಸು ಮಧ್ಯಾಹ್ನಕ್ಕೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ದಡದಲ್ಲಿ ಒಬ್ಬಳೇ ನಿಂತ ಸ್ವಾತಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಈ ಮನುಷ್ಯನನ್ನು ಲಾಂಚಿನಿಂದ ಕೆಳಕ್ಕೆ ನೂಕಿ, ಅವನ ಟೊಪ್ಪಿ ಮಾತ್ರ ತೇಲುವುದನ್ನು ನೋಡಬೇಕು ಅನ್ನಿಸಿತು. ಲಾಂಚು ಆಚೆ ದಡದಲ್ಲಿ ಜನ ತುಂಬುವ ತನಕ ಕಾದು ಮರಳುವಾಗ ಹೊತ್ತು ಹತ್ತೂವರೆಯ ಹತ್ತಿರ ಬಂದಿತ್ತು. ಉಳಿದ ದಾರಿ ಒಂದೇ. ಟೆಸ್ಟು ಮುಗಿಯುವ ತನಕ ಲಾಂಚು ಮತ್ತಿಮರದ ಹತ್ತಿರ ನಿಲ್ಲಬೇಕು. ಅದನ್ನು ನಿಲ್ಲಿಸಬೇಕಾದದ್ದು ಬೆಳಿಗ್ಗೆ ಅವಳಿಗೆ ಅಡ್ಡ ಬಂದ ಆ ಕೈಯೇ.

ಮುಂದಿನ ಟ್ರಿಪ್ಪಿಗೆ ಜನ ಕಡಿಮೆ. ಮಗಳ ಮನೆಗೆಂದು ಹೊರಟಿದ್ದ ವರದಮ್ಮ, ರಿಪ್ಪನ್‌ಪೇಟೆಯಲ್ಲಿ ಅಂಗಡಿ ಇಟ್ಟಿರುವ ಗಜಾನನ, ಕೋಳಿ ಸಾಗಿಸುವ ಇಬ್ಬರು. ಸ್ವಾತಿ ನೇರ ಹೋಗಿ ಡ್ರೈವರಿನ ಕೋಣೆಯ ಬಾಗಿಲಲ್ಲಿ ನಿಂತಳು. ವಿಷಯ ಹೇಳಿದಳು. ನಿಲ್ಲಿಸದಿದ್ದರೆ, ಬೆಳಿಗ್ಗೆ ಖಾಲಿ ಜಾಗವಿದ್ದೂ ಹತ್ತಿಸದೆ ಹೋದದ್ದನ್ನು ಇವತ್ತೇ ಹಾಕುತ್ತೇನೆ ಎಂದಳು. ಮಾಸ್ತಪ್ಪ ಅವಳ ಮುಖ ನೋಡದೆ ಬೀಡಿ ಆರಿಸಿದ. ನಿವೃತ್ತಿಗೆ ಅವನಿಗೆ ಉಳಿದದ್ದು ಒಂದೇ ಮಳೆಗಾಲ. ಇನ್ನೊಂದು ಮೆಮೊ ಅವನಿಗೂ ಬೇಕಿರಲಿಲ್ಲ.

"ನಿಲ್ಲುಸ್ತೀನಿ," ಎಂದ. "ಆ ಹಳೇ ವಿಡಿಯೊ ತೆಗಿ. ಇವರೆಲ್ಲರ ಎದುರಿಗೆ ತೆಗಿ."

ಸ್ವಾತಿ ಕೈಯಲ್ಲಿದ್ದ ಫೋನನ್ನು ನೋಡಿದಳು. ಆ ವಿಡಿಯೊದಲ್ಲಿದ್ದದ್ದು ಸುಳ್ಳಲ್ಲ. ಫೈಲು ಹಿಡಿದ ಸೀತಾರಾಮಪ್ಪ ಬಿಸಿಲಲ್ಲಿ ನಿಂತದ್ದು ಸುಳ್ಳಲ್ಲ. ಆದರೆ ಸೀತಾರಾಮಪ್ಪ ತನ್ನ ಮನೆಗೆ ಅಕ್ಕಿ ಹಾಕುವುದಿಲ್ಲವಲ್ಲ. ಮತ್ತಿಮರದ ಹತ್ತಿರ ಸಿಗ್ನಲ್ ಬಂದದ್ದೇ ಅವಳು ಫೋನು ಎತ್ತಿ ಹಿಡಿದು, ಎಲ್ಲರಿಗೂ ಕಾಣುವಂತೆ ಅದನ್ನು ಅಳಿಸಿದಳು. ಗಜಾನನ ಕನ್ನಡಕ ಸರಿಮಾಡಿಕೊಂಡು ಹೌದು, ಹೋಯಿತು ಎಂದು ಸಾಕ್ಷಿ ನುಡಿದ. ಮಾಸ್ತಪ್ಪ ಎಂಜಿನ್ ಆರಿಸಿದ. ಎಂಜಿನ್ ಬಿಸಿಯಾಗಿದೆ, ಸ್ವಲ್ಪ ಹೊತ್ತು ತಣಿಯಬೇಕು ಎಂದು ಜನಕ್ಕೆ ಹೇಳಿದ. ಅದು ಸುಳ್ಳೆಂದು ಲಾಂಚಿನಲ್ಲಿದ್ದ ಕೋಳಿಗಳಿಗೂ ಗೊತ್ತಾಗಿರಬೇಕು.

ಎಂಜಿನ್ ನಿಂತ ಮೇಲೆ ನೀರು ಲಾಂಚಿನ ಹೊಟ್ಟೆಗೆ ಬಡಿಯುವ ಸದ್ದು ಮಾತ್ರ ಉಳಿಯಿತು. ಸ್ವಾತಿ ಫೋನನ್ನು ಕಂಬಿಗೆ ಸಿಕ್ಕಿಸಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ಹೆಡ್‌ಫೋನು ಹಾಕಿದಳು. ಪರದೆಯ ಮೇಲೆ ಚೈತ್ರಾ ಬಂದಳು, ಅವಳ ಪಕ್ಕದ ಚೌಕದಲ್ಲಿ ಇನ್ನೊಬ್ಬ ಸಾಹೇಬರು. ಹಿಂದೆ ಕಾಣುತ್ತಿರುವುದು ನೀರಾ ಎಂದು ಚೈತ್ರಾ ಕೇಳಿದಳು. ಹೌದು ಮೇಡಂ ಎಂದಳು ಸ್ವಾತಿ. ಅವರು ನಗಲಿಲ್ಲ. ಡಾಕ್ಟರಿನ ಧ್ವನಿ ಶುರುವಾಯಿತು, ಅವಳ ಬೆರಳು ಓಡತೊಡಗಿತು. ಈ ಕೆಲಸದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಮೊದಲ ರೋಗಿ ಮುಗಿಯಿತು, ಎರಡನೆಯದು ಶುರುವಾಯಿತು.

ಆಗ ಹೊಳೆಕೊಪ್ಪದ ದಡದಿಂದ ಹಾರ್ನು ಕೇಳಿತು. ಉದ್ದಕ್ಕೆ, ಹಾಡಿದಂತೆ. ಒಂದು. ಎರಡು. ಮೂರು.

ಹೆಡ್‌ಫೋನಿನೊಳಗಿಂದಲೂ ಸ್ವಾತಿಗೆ ಅದು ಕೇಳಿತು. ಮಾಸ್ತಪ್ಪ ಎದ್ದು ನಿಂತದ್ದು, ಕೈ ತಾನಾಗಿ ಎಂಜಿನ್ನಿನ ಗುಂಡಿಗೆ ಹೋದದ್ದು ಕಂಡಿತು. ಮೂವತ್ತು ವರ್ಷದ ಅಭ್ಯಾಸದ ಕೈ ಅದು. ಆದರೆ ಕೈ ಅಲ್ಲೇ ನಿಂತಿತು. ಅವನು ದಡದ ಕಡೆ ನೋಡಿದ. ಅಷ್ಟು ದೂರದಲ್ಲಿ ಹಳದಿ ಚುಕ್ಕೆಯೊಂದು ಹೊಳೆಯುತ್ತಿತ್ತು. ವಿನೋದನ ಜೀಪು. ಮತ್ತೆ ಮೂರು ಹಾರ್ನು.

ಮಾಸ್ತಪ್ಪ ಕೋಣೆಯಿಂದ ಹೊರಗೆ ಬಂದು ಅವಳೆದುರಿಗೇ ನಿಂತ. ಕ್ಯಾಮೆರಾಕ್ಕೆ ಕಾಣದಷ್ಟು ದೂರದಲ್ಲಿ, ಆದರೆ ಅವಳು ನೋಡದೆ ಇರಲಾಗದ ಜಾಗದಲ್ಲಿ.

"ಹೋದ್ಸಲ ತಿರುಗ್ಸಿದ್ದಕ್ಕೆ ಊರಿಗೆಲ್ಲ ತೋರಿಸ್ದೆ," ಎಂದ, ಮೆಲ್ಲಗೆ. "ಈ ಸಲ ನೀನೇ ಹೇಳು. ತಿರುಗ್ಸ್ಲಾ, ಬೇಡ್ವಾ?"

ನಾಲ್ಕೂ ಜನ ಅವಳನ್ನೇ ನೋಡುತ್ತಿದ್ದರು. ಕಿವಿಯಲ್ಲಿ ಡಾಕ್ಟರು ಯಾರದೋ ಪಿತ್ತಕೋಶದ ಕಲ್ಲಿನ ಬಗ್ಗೆ ಹೇಳುತ್ತಿದ್ದ. ಲಾಂಚು ತಿರುಗಿದರೆ ಗುಡ್ಡದ ನೆರಳು, ನೆರಳೆಂದರೆ ಸಂಪರ್ಕ ಕಡಿದಂತೆ, ಆಮೇಲೆ ಅವ್ವನ ಮಾತ್ರೆಯಿಲ್ಲ, ಕೆಲಸವಿಲ್ಲ, ಹಾಸಿಗೆಯಿಂದ ಬರುವ ಚುಚ್ಚುಮಾತಿಗೆ ಉತ್ತರವೂ ಇಲ್ಲ. ಯಾರಿಗಾಗಿ ಇದೆಲ್ಲ? ರೈಲಿಗೆ ಹೊತ್ತಾದ ನಾಲ್ಕು ಜನ ಕುಡುಕರಿಗಾಗಿ. ಸ್ವಾತಿ ಮೈಕು ಆಫ್ ಮಾಡಿ, ಬೆರಳು ನಿಲ್ಲಿಸದೆ ಹೇಳಿದಳು.

"ವಿನೋದಂದೇ ಅದು. ಬೇಡ. ಕೂಗ್ಕೊಂಡು ಸಾಯ್ಲಿ."

ಮಾಸ್ತಪ್ಪ ತಲೆಯಾಡಿಸಿದ. ಗಜಾನನ ನಕ್ಕ. ಒಳ್ಳೇ ಬುದ್ಧಿ ಕಲಿಸಿದಿರಿ, ಇವತ್ತು ಅವನ ಗಿರಾಕಿಗಳು ಈಜಿಕೊಂಡು ಬರಲಿ ಎಂದ. ಕೋಳಿಯವರೂ ನಕ್ಕರು. ಆ ಲಾಂಚಿನಲ್ಲಿ ಮಾಸ್ತಪ್ಪನೂ ಸ್ವಾತಿಯೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಹಾರ್ನು ಬಿಡಲಿಲ್ಲ. ಮೂರು ಹಾಕಿ ನಿಲ್ಲಿಸಿ, ಮತ್ತೆ ಮೂರು ಹಾಕಿ, ಕೊನೆಗೆ ಲೆಕ್ಕವಿಲ್ಲದೆ ಒಂದೇ ಸಮ ಕೂಗಿತು. ವರದಮ್ಮ ಮಾತ್ರ ಸೆರಗು ಹಣೆಗೆ ಹಿಡಿದು ದಡದ ಕಡೆಗೇ ನೋಡುತ್ತಿದ್ದಳು.

"ಎಂತಕೋ ಬಿಡ್ತಾನೇ ಇಲ್ವಲ್ಲೋ ಮಾಸ್ತಪ್ಪ," ಎಂದಳು. "ನಿಜವೇ ಏನಾರೂ ಆಗಿದ್ರೆ?"

ಸ್ವಾತಿ ಮೈಕು ಮತ್ತೆ ಆನ್ ಮಾಡಿದಳು. ಪರದೆಯಲ್ಲಿ ಚೈತ್ರಾ ಅದೇನು ಸದ್ದು ಎಂದು ಕೇಳಿದಳು. ಯಾರೋ ಜೀಪಿನವರು ಮೇಡಂ, ಏನಿಲ್ಲ ಎಂದಳು ಸ್ವಾತಿ.

ಟೆಸ್ಟು ಒಂದು ಸಲವೂ ಕಡಿಯದೆ ಮುಗಿಯಿತು. ಸಾಹೇಬರು ಗುಡ್ ಎಂದರು; ಫಲಿತಾಂಶ ಸ್ವಲ್ಪ ಹೊತ್ತಿನಲ್ಲಿ ಮೆಸೇಜು ಬರುತ್ತದೆ ಎಂದು ಚೈತ್ರಾ ಹೇಳಿದಳು. ಎಂಜಿನ್ ಮತ್ತೆ ಗುಡುಗಿತು. ಮೊದಲು ಆಚೆ ದಡಕ್ಕೆ ಹೋಗಿ ಜನರನ್ನು ಇಳಿಸಬೇಕಿತ್ತು. ಅಲ್ಲಿ ಮಾಸ್ತಪ್ಪ ಸ್ವಾತಿಗೆ ಇಳಿ ಎನ್ನಲಿಲ್ಲ, ಅವಳೂ ಅವನ ಕಡೆ ನೋಡಲಿಲ್ಲ. ವಿನೋದನ ಮುಖ ಹೇಗಿರುತ್ತದೆ ಎಂದು ಕಲ್ಪಿಸಿಕೊಂಡು ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಹೊಟ್ಟೆ ತುಂಬ ಬೈಯಬೇಕು, ಮಾಸ್ತಪ್ಪನೂ ಜೊತೆಗೆ ಬೈಯಲಿ ಎಂದುಕೊಂಡಳು.

ಹೊಳೆಕೊಪ್ಪದ ದಡ ಹತ್ತಿರವಾದಾಗ ಮೊದಲು ಕಂಡದ್ದು ಜೀಪಿನ ತೆರೆದ ಬಾಗಿಲು. ಆಮೇಲೆ ಕಂಡದ್ದು ತಂಗುದಾಣದ ಕಂಬಗಳ ನಡುವೆ ಅಡ್ಡ ಹಿಡಿದಿದ್ದ ಎರಡು ಸೀರೆ. ಸೀರೆಯ ಒಂದು ತುದಿಯನ್ನು ಮಹಾಲಕ್ಷ್ಮಿಯ ಅತ್ತೆ ಹಿಡಿದಿದ್ದಳು. ಇನ್ನೊಂದು ತುದಿಯನ್ನು, ಮುಖ ಹೊಳೆಯ ಕಡೆ ತಿರುಗಿಸಿ, ವಿನೋದ್ ಹಿಡಿದಿದ್ದ. ಅವನ ಅಂಗಿಯ ತೋಳು ಒದ್ದೆಯಾಗಿತ್ತು. ನೀರಿನಿಂದಲ್ಲ.

ಲಾಂಚು ಮುಟ್ಟುವ ಮೊದಲೇ ಅವನು ಬೈಯತೊಡಗಿದ. ದಾರಿಯಲ್ಲಿ ಆಟೋ ಸಿಗದೆ ಅತ್ತೆ ಸೊಸೆ ಕೂತಿದ್ದರಂತೆ, ಜೀಪಿಗೆ ಹತ್ತಿಸಿಕೊಂಡು ಬಂದನಂತೆ. ಹಾರ್ನ್ ಹಾಕಿ ಹಾಕಿ ಕೈ ಸೋತಿತಂತೆ. "ಕಣ್ಣೆದ್ರಿಗೇ ನಿಂತಿದ್ರಲ್ಲೋ," ಎಂದ. "ನಡುಹೊಳೇಲಿ ನಿಂತು ಎಂತ ನೋಡ್ತಾ ಇದ್ರಿ?"

ಮಾಸ್ತಪ್ಪ ಸ್ವಾತಿಯ ಕಡೆ ಕೈ ತೋರಿಸಬಹುದಿತ್ತು, ಇವಳೇ ಬೇಡವೆಂದದ್ದು ಎನ್ನಬಹುದಿತ್ತು. ಮೂವತ್ತು ವರ್ಷ ಹಾರ್ನಿಗೆ ಓಗೊಟ್ಟವನಿಗೆ ಅದನ್ನು ಹೇಳಿದರೂ ತನ್ನ ಪಾಲು ತೊಳೆದುಹೋಗುವುದಿಲ್ಲ ಎಂದು ಗೊತ್ತಿತ್ತು.

"ಎಂಜಿನ್ ಬಿಸಿಯಾಗಿತ್ತು," ಎಂದ.

ಮಗು ತಂಗುದಾಣದ ಸಿಮೆಂಟಿನ ಮೇಲೆ ಹುಟ್ಟಿತ್ತು. ಹುಟ್ಟಿ ಎಷ್ಟೋ ಹೊತ್ತಿನ ಮೇಲೆ ಅತ್ತಿತಂತೆ. ಈಗ ಸೀರೆಯ ಗಂಟಿನೊಳಗೆ ಬೆಕ್ಕಿನ ಮರಿಯಷ್ಟು ಸದ್ದು ಮಾಡುತ್ತಿತ್ತು. ಮಹಾಲಕ್ಷ್ಮಿಯನ್ನು ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವಳ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು, ರಕ್ತ ಇನ್ನೂ ನಿಂತಿರಲಿಲ್ಲ. ಡಾಕ್ಟರುಗಳು ಇದಕ್ಕೆ ಏನೆನ್ನುತ್ತಾರೆ, ಎಷ್ಟು ಹೊತ್ತಿನೊಳಗೆ ಏನು ಮಾಡಬೇಕೆನ್ನುತ್ತಾರೆ ಎಂಬುದನ್ನು ಸ್ವಾತಿ ನೂರು ಸಲ ಟೈಪ್ ಮಾಡಿದ್ದಳು. ಕೊನೆಯ ಸಾಲಿನಲ್ಲಿ ಬರುತ್ತಿದ್ದ, ತಾಯಿ ಮಗು ಕ್ಷೇಮ ಎಂಬ ಮಾತನ್ನು ಕಣ್ಣು ಮುಚ್ಚಿ ಹೊಡೆಯುತ್ತಿದ್ದಳು.

ಜೀಪು ಹತ್ತಿದ ಕೂಡಲೇ ಮಾಸ್ತಪ್ಪ ಲಾಂಚು ಬಿಟ್ಟ. ಅಷ್ಟು ಜೋರಾಗಿ ಅವನು ಎಂದೂ ಬಿಟ್ಟಿರಲಿಲ್ಲ. ಸ್ವಾತಿ ಜೀಪಿನ ಬಾಗಿಲಿಗೆ ಒತ್ತಿ ನಿಂತು ಮಹಾಲಕ್ಷ್ಮಿಯ ಕೈ ಹಿಡಿದುಕೊಂಡಿದ್ದಳು. ಕೈ ತಣ್ಣಗಿತ್ತು. ಅವಳು ಕಣ್ಣು ಬಿಟ್ಟು ಸ್ವಾತಿಯನ್ನು ನೋಡಿದಳು.

"ಲಾಂಚು ಕಾಣ್ತಿತ್ತು ಕಣೆ," ಎಂದಳು. "ನಿಂಗೆ ಅಲ್ಲಿ ನೆಟ್‌ವರ್ಕ್ ಸಿಗ್ತದಲ್ಲ. ಹಾರ್ನ್ ಕೇಳಿ ನೀನು ಆಂಬುಲೆನ್ಸಿಗೆ ಫೋನ್ ಮಾಡಿರ್ತೀಯ, ಆಚೆ ದಡಕ್ಕೆ ಬಂದಿರ್ತದೆ ಅಂದ್ಕೊಂಡೆ. ಅದೊಂದೇ ಧೈರ್ಯ ಆಗಿತ್ತು. ಮಾಡಿದ್ಯಾ?"

ಈ ಊರಲ್ಲಿ ಎಲ್ಲರೂ ಅವಳ ಲ್ಯಾಪ್‌ಟಾಪಿಗೆ ಹಲ್ಲು ಕಡಿದವರೇ. ಅದನ್ನು ನಂಬಿದವಳು ಇವಳೊಬ್ಬಳು. ನಿಜ ಹೇಳುವ ಶಕ್ತಿ ಸ್ವಾತಿಗೆ ಬರಲಿಲ್ಲ.

"ಇಲ್ಲ ಕಣೆ," ಎಂದಳು. "ಆಗ ನೆಟ್‌ವರ್ಕೇ ಇರ್ಲಿಲ್ಲ."

ಕೋಣೆಯ ಬಾಗಿಲಿನಿಂದ ಮಾಸ್ತಪ್ಪ ತಿರುಗಿ ನೋಡಿದ. ಮಹಾಲಕ್ಷ್ಮೀ ಹೌದಾ ಎಂದಳು. ಇರಲಿ ಬಿಡು, ನೀನಾದರೂ ಏನು ಮಾಡ್ತೀಯ ಎಂದು ಬೆರಳಿನಿಂದ ಸ್ವಾತಿಯ ಅಂಗೈಯನ್ನು ಮೆಲ್ಲಗೆ ಒತ್ತಿದಳು.

ಲಾಂಚು ಮತ್ತಿಮರದ ಹತ್ತಿರ ಬಂತು. ಸ್ವಾತಿಯ ಕೈಯಲ್ಲಿದ್ದ ಫೋನು ಕಿಣಿ ಎಂದಿತು. ಪರದೆ ತಾನಾಗಿ ಬೆಳಗಿತು. ಕಂಗ್ರಾಜುಲೇಶನ್ಸ್ ಸ್ವಾತಿ, ಎಂದು ಚೈತ್ರಾ ಬರೆದಿದ್ದಳು. ನಡುನೀರಿನಲ್ಲಿ ಕೂತರೂ ನಲವತ್ತು ನಿಮಿಷದಲ್ಲಿ ಒಂದು ಸಲವೂ ಸಂಪರ್ಕ ಕಡಿಯಲಿಲ್ಲ, ಎಲ್ಲರಿಗಿಂತ ನಿಮ್ಮ ನೆಟ್‌ವರ್ಕೇ ಚೆನ್ನಾಗಿತ್ತು.

ಫೋನು ಮಹಾಲಕ್ಷ್ಮಿಯ ಮುಖದ ಹತ್ತಿರವೇ ಇತ್ತು. ಅವಳು ಅದನ್ನು ಪೂರ್ತಿ ಓದಿದಳು. ಸ್ವಾತಿ ಮರೆಮಾಡುವ ಹೊತ್ತಿಗೆ ಓದಿ ಮುಗಿದಿತ್ತು. ಅವಳು ಸ್ವಾತಿಯ ಕೈಯೊಳಗಿದ್ದ ತನ್ನ ಕೈಯನ್ನು ಬಿಡಿಸಿಕೊಂಡು ಮಗುವಿನ ಗಂಟಿನ ಮೇಲಿಟ್ಟಳು.

ಆಚೆ ದಡ ಮುಟ್ಟಿದ ಕೂಡಲೇ ಜೀಪು ಹಾರ್ನು ಹಾಕುತ್ತ ಗುಡ್ಡ ಹತ್ತಿ ಹೋಯಿತು. ಸಾಗರದ ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರೂ ಉಳಿದರು ಎಂಬುದು ಸಂಜೆ ಗೊತ್ತಾಯಿತು. ಆದರೆ ಅಂದಿನಿಂದ ಗುತ್ಯಮ್ಮನಿಗೆ ಗಂಜಿ ಕೊಡಲು ಕೆಳಗಿನ ಮನೆಯಿಂದ ಯಾರೂ ಮೆಟ್ಟಿಲು ಹತ್ತಿ ಬರಲಿಲ್ಲ.

ಆ ದಿನ ಜೀಪು ಹೋದ ಮೇಲೂ ಸ್ವಾತಿ ಲಾಂಚಿನಲ್ಲೇ ನಿಂತಿದ್ದಳು. ಮಾಸ್ತಪ್ಪ ಬಕೆಟ್ಟಿನಲ್ಲಿ ನೀರು ಎತ್ತಿ, ಜೀಪು ನಿಂತಿದ್ದ ಜಾಗದ ರಕ್ತ ತೊಳೆಯುತ್ತಿದ್ದ. ಅವಳೂ ಬಗ್ಗಿ ಪೊರಕೆಗೆ ಕೈ ಹಾಕಿದಳು. ಅವನು ಪೊರಕೆಯನ್ನು ಕಸಿದುಕೊಂಡ.

"ದಡ ಬಂತು," ಎಂದ. "ಎಲ್ರೂ ಇಳೀಬೇಕು."

ಅವಳು ಇಳಿದು ಹೋಗಿ, ಯಾರೂ ಇಲ್ಲದ ಸಾಲಿನಲ್ಲಿ ನಿಂತುಕೊಂಡಳು.